ಹಸುಗೂಸಿನ ವರ್ಣತಂತು: ಅನುಮಾನದಿಂದ ನಿರ್ಣಯದವರೆಗೆ



ಹುಟ್ಟಿದ ಮಗುವಿನಲ್ಲಿ ವರ್ಣತಂತುಗಳ ದೋಷವನ್ನು ಹೇಗೆ ಅನುಮಾನಿಸುತ್ತೇವೆ, ಹೇಗೆ ಖಚಿತ ಮಾಡಿಕೊಳ್ಳುತ್ತೇವೆ, ಖಚಿತವಾದ ಮೇಲೆ ಏನು ಮಾಡಬೇಕು ಎಂಬುದು ಇಂದಿನ ನನ್ನ ವಿಷಯ. ಗರ್ಭದಲ್ಲಿರುವಾಗಲೇ ಮಾಡುವ ಪರೀಕ್ಷೆಗಳು, ಅವುಗಳ ಕಾನೂನು, ಅವುಗಳ ನೈತಿಕ ಪ್ರಶ್ನೆಗಳು ಇನ್ನೊಂದು ಉಪನ್ಯಾಸಕ್ಕಾಗುವಷ್ಟು ಇವೆ. ಅವನ್ನು ಇಂದು ಮುಟ್ಟುವುದಿಲ್ಲ. ಹೆರಿಗೆಯಾಗಿದೆ, ಮಗು ಕೈಯಲ್ಲಿದೆ, ನೋಡಿದವರ ಮನಸ್ಸಿನಲ್ಲಿ ಒಂದು ಅನುಮಾನ ಎದ್ದಿದೆ. ನಾನು ಮಾತು ಶುರು ಮಾಡುವುದು ಅಲ್ಲಿಂದ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ವರ್ಣತಂತು ಪರೀಕ್ಷೆಯ ವರದಿ ಬಹುಮಟ್ಟಿಗೆ ಕುಟುಂಬದ ಪ್ರಶ್ನೆಗೆ ಉತ್ತರ: ಏಕೆ ಹೀಗಾಯಿತು, ಮುಂದಿನ ಮಗುವಿಗೂ ಹೀಗಾಗುತ್ತದೆಯೇ? ಮಗುವಿನ ಪ್ರಶ್ನೆಗಳು ಬೇರೆ: ಹೃದಯ ಸರಿಯಿದೆಯೇ, ಹಾಲು ಹೊಟ್ಟೆಯಲ್ಲಿ ನಿಲ್ಲುತ್ತಿದೆಯೇ, ಕಿವಿ ಕೇಳಿಸುತ್ತಿದೆಯೇ? ಈ ಎರಡನೆಯ ಪ್ರಶ್ನೆಗಳು ವರದಿಗಾಗಿ ಕಾಯುವುದಿಲ್ಲ. ನಮ್ಮಲ್ಲಿ ಎರಡನ್ನೂ ಬೆರೆಸಿಬಿಡುತ್ತಾರೆ. ವರದಿ ಬರಲಿ ಎಂದು ಹೃದಯದ ಪರೀಕ್ಷೆಯನ್ನು ಮುಂದಕ್ಕೆ ಹಾಕುವವರಿದ್ದಾರೆ. ಮುಖ ನೋಡಿದರೇ ಗೊತ್ತಾಗುತ್ತದಲ್ಲ ಎಂದು ವರ್ಣತಂತು ಪರೀಕ್ಷೆಯನ್ನೇ ಬಿಟ್ಟುಬಿಡುವವರೂ ಇದ್ದಾರೆ. ಇವೆರಡೂ ಏಕೆ ತಪ್ಪು ಎಂಬುದನ್ನು ವಿವರಿಸುವುದೇ ಇಂದಿನ ನನ್ನ ಕೆಲಸ.

ಮೊದಲು ಸ್ವಲ್ಪ ಇತಿಹಾಸ. ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳಿವೆ ಎಂಬುದನ್ನು ಇಂದು ಪ್ರೌಢಶಾಲೆಯ ಮಕ್ಕಳೂ ಹೇಳುತ್ತಾರೆ. ಆದರೆ 1956ರವರೆಗೆ ಜಗತ್ತಿನ ಪಠ್ಯಪುಸ್ತಕಗಳು 48 ಎಂದೇ ಹೇಳುತ್ತಿದ್ದವು. ಜಾವಾದಲ್ಲಿ ಹುಟ್ಟಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಕೆಲಸ ಮಾಡುತ್ತಿದ್ದ ಜೋ ಹಿನ್ ತ್ಜಿಯೋ, ಅಲ್ಬರ್ಟ್ ಲೆವಾನ್ ಅವರೊಂದಿಗೆ ಸರಿಯಾದ ಲೆಕ್ಕ ಕೊಟ್ಟರು. ಲೆಕ್ಕ ಸರಿಹೋದ ಮೇಲೆಯೇ ಒಂದು ಹೆಚ್ಚಾಗಿದೆ, ಒಂದು ಕಡಿಮೆಯಾಗಿದೆ ಎಂದು ಹೇಳಲು ಸಾಧ್ಯವಾದದ್ದು.

ಮುಂದಿನ ಹೆಜ್ಜೆ ಪ್ಯಾರಿಸಿನದು. ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ 1866ರಲ್ಲಿ ವಿವರಿಸಿದ್ದ ಸ್ಥಿತಿಗೆ ಕಾರಣವೇನೆಂದು ಸುಮಾರು ತೊಂಬತ್ತು ವರ್ಷ ಯಾರಿಗೂ ತಿಳಿದಿರಲಿಲ್ಲ. ಟ್ರೂಸೋ ಆಸ್ಪತ್ರೆಯಲ್ಲಿ ಮಾರ್ಥ್ ಗೋತಿಯೇ ಎಂಬ ಮಕ್ಕಳ ವೈದ್ಯೆ ಇದ್ದರು. ಬಾಸ್ಟನ್ನಿನಲ್ಲಿ ಜೀವಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸುವ ವಿದ್ಯೆ ಕಲಿತು ಬಂದಿದ್ದ ಅವರು, ಸರಿಯಾದ ಸಲಕರಣೆಗಳಿಲ್ಲದ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕೆ ಕುಳಿತರು. ಕೋಶಗಳ ಪೋಷಣೆಗೆ ಬೇಕಾದ ಸೀರಮ್ಮನ್ನು ತಮ್ಮದೇ ರಕ್ತದಿಂದ ತೆಗೆದುಕೊಂಡರು. 1958ರಲ್ಲಿ, ಡೌನ್ ಸಿಂಡ್ರೋಮ್ ಇದ್ದ ಮಗುವಿನ ಕೋಶಗಳಲ್ಲಿ 46ರ ಬದಲು 47 ವರ್ಣತಂತುಗಳು ಅವರಿಗೆ ಕಂಡವು. ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಛಾಯಾಚಿತ್ರ ತೆಗೆಯುವ ಸೌಕರ್ಯ ಅಲ್ಲಿರಲಿಲ್ಲ. ಸ್ಲೈಡುಗಳು ಸಹೋದ್ಯೋಗಿ ಜೆರೋಮ್ ಲೆಜೂನ್ ಕೈಗೆ ಹೋದವು. 1959ರ ಜನವರಿಯಲ್ಲಿ ಪ್ರಬಂಧ ಅಚ್ಚಾದಾಗ ಲೆಜೂನ್ ಹೆಸರು ಮೊದಲಿಗಿತ್ತು, ಗೋತಿಯೇ ಹೆಸರು ಎರಡನೆಯದಾಗಿತ್ತು, ಅದೂ ಕಾಗುಣಿತ ತಪ್ಪಾಗಿತ್ತು. ಲೆಜೂನ್ ದೊಡ್ಡ ವಿಜ್ಞಾನಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕೋಶಗಳನ್ನು ಬೆಳೆಸಿದ ಕೈ ಯಾರದು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು. ಗೋತಿಯೇ 2022ರಲ್ಲಿ ತೀರಿಕೊಂಡರು. ನಾವು ಇಂದು ಲ್ಯಾಬಿಗೆ ಕಳಿಸುವ ಪ್ರತಿಯೊಂದು ಮಗುವಿನ ರಕ್ತದ ಹಿಂದೆ ಅವರ ಶ್ರಮವೂ ಇದೆ.

ಅದೇ 1959ರಲ್ಲಿ ಟರ್ನರ್ ಸಿಂಡ್ರೋಮಿನ ಹೆಣ್ಣುಮಕ್ಕಳಲ್ಲಿ ಎರಡರ ಬದಲು ಒಂದೇ ಎಕ್ಸ್ ವರ್ಣತಂತು ಇರುವುದೂ, ಕ್ಲೈನ್‌ಫೆಲ್ಟರ್ ಸಿಂಡ್ರೋಮಿನ ಗಂಡಸರಲ್ಲಿ ಒಂದು ಎಕ್ಸ್ ಹೆಚ್ಚಾಗಿರುವುದೂ ಗೊತ್ತಾಯಿತು. ಮರುವರ್ಷ 18ನೆಯ ಮತ್ತು 13ನೆಯ ವರ್ಣತಂತುಗಳು ಮೂರು ಮೂರಿರುವ ಎಡ್ವರ್ಡ್ಸ್ ಮತ್ತು ಪಟೌ ಸಿಂಡ್ರೋಮ್‌ಗಳು ಬೆಳಕಿಗೆ ಬಂದವು. ಇಂದು ನಮಗೆ ತಿಳಿದಿರುವಂತೆ ಹುಟ್ಟುವ ಸುಮಾರು 150 ಮಕ್ಕಳಲ್ಲಿ ಒಂದು ಮಗುವಿಗೆ ಯಾವುದಾದರೊಂದು ವರ್ಣತಂತು ವ್ಯತ್ಯಾಸವಿರುತ್ತದೆ. ಎಲ್ಲವೂ ಹುಟ್ಟಿದಾಗಲೇ ಕಾಣುವಂಥವಲ್ಲ. ಕ್ಲೈನ್‌ಫೆಲ್ಟರ್ ಇರುವ ಗಂಡುಮಗು ನೋಡಲು ಎಲ್ಲ ಮಕ್ಕಳಂತೆಯೇ ಇರುತ್ತದೆ. ಅದು ಗೊತ್ತಾಗುವುದು ಹದಿಹರೆಯದಲ್ಲಿ, ಎಷ್ಟೋ ಸಲ ಮದುವೆಯಾಗಿ ಮಕ್ಕಳಾಗದಿದ್ದಾಗ.

ಈಗ ಹೆರಿಗೆ ಕೋಣೆಗೆ ಬರೋಣ. ಅನುಮಾನ ಎಲ್ಲಿಂದ ಹುಟ್ಟುತ್ತದೆ?

ಡೌನ್ ಸಿಂಡ್ರೋಮಿನಲ್ಲಿ ಹೆಚ್ಚಿನವರು ನೋಡುವುದು ಮುಖವನ್ನು. ನಾನು ವಿದ್ಯಾರ್ಥಿಗಳಿಗೆ ಹೇಳುವುದು, ಮೊದಲು ಮಗುವನ್ನು ಎತ್ತಿಕೊಳ್ಳಿ ಎಂದು. ಮೈ ಸಡಿಲವಾಗಿರುವುದು ಕಣ್ಣಿಗಿಂತ ಮುಂಚೆ ಕೈಗೆ ತಿಳಿಯುತ್ತದೆ. ತಲೆಯನ್ನು ತುಸು ಜಾರಿಸಿದಾಗ ಬೆಚ್ಚಿ ಎರಡೂ ಕೈ ಚಾಚುವ ಮೋರೋ ಪ್ರತಿಕ್ರಿಯೆ ಮಂದವಾಗಿರುತ್ತದೆ. ಕತ್ತಿನ ಹಿಂಭಾಗದ ಚರ್ಮ ಸಡಿಲ, ಕೀಲುಗಳು ಅತಿಯಾಗಿ ಬಾಗುತ್ತವೆ, ಮುಖ ಚಪ್ಪಟೆ, ಕಣ್ಣಿನ ಹೊರತುದಿ ಮೇಲಕ್ಕೆ ಓರೆ, ಕಿವಿ ಚಿಕ್ಕದು, ಕಿರುಬೆರಳು ಒಳಕ್ಕೆ ಬಾಗಿರುತ್ತದೆ. ಹಾಲ್ ಎಂಬ ವೈದ್ಯರು 1966ರಲ್ಲಿ ನವಜಾತ ಶಿಶುವಿಗೆಂದೇ ಇಂಥ ಹತ್ತು ಲಕ್ಷಣಗಳನ್ನು ಗುರುತಿಸಿದರು. ಆ ಪಟ್ಟಿ ಇಂದಿಗೂ ಉಪಯೋಗಕ್ಕೆ ಬರುತ್ತದೆ. ಅದರಲ್ಲಿ ಅಂಗೈಗೆ ಅಡ್ಡಲಾಗಿ ಒಂದೇ ಗೆರೆ ಇರುವುದೂ ಸೇರಿದೆ. ಜನ ಹೆಚ್ಚು ಹೆದರುವುದು ಈ ಗೆರೆಗೆ. ಯಾವ ತೊಂದರೆಯೂ ಇಲ್ಲದ ನೂರು ಜನರಲ್ಲಿ ಮೂರು ನಾಲ್ಕು ಮಂದಿಗೆ ಅದು ಇರುತ್ತದೆ; ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಇರುವುದೇ ಇಲ್ಲ. ಒಂದು ಗೆರೆಯನ್ನು ನೋಡಿ ಬಾಣಂತಿಯ ನಿದ್ದೆ ಕೆಡಿಸಬೇಡಿ ಎಂದು ಕಿರಿಯ ವೈದ್ಯರಿಗೆ ನನ್ನ ಕಳಕಳಿಯ ಮನವಿ. ಲಕ್ಷಣಗಳನ್ನು ಒಟ್ಟಾಗಿ ನೋಡಬೇಕು. ತಂದೆತಾಯಿಯರ ಮುಖವನ್ನೂ ನೋಡಬೇಕು. ಓರೆಗಣ್ಣು ಮನೆತನದ್ದೇ ಆಗಿರಬಹುದು.

ಡೌನ್ ಸಿಂಡ್ರೋಮಿನ ಮುಖಲಕ್ಷಣಗಳಿಲ್ಲದೆ ಅನುಮಾನಕ್ಕೆ ಕಾರಣವಾಗುವ ಸಂದರ್ಭಗಳೂ ಇವೆ. ಹೆಣ್ಣುಮಗುವಿನ ಹಸ್ತ, ಪಾದಗಳ ಮೇಲ್ಭಾಗ ಊದಿಕೊಂಡಿದ್ದು, ಕತ್ತಿನ ಚರ್ಮ ಹೆಚ್ಚಾಗಿದ್ದರೆ ಟರ್ನರ್ ಸಿಂಡ್ರೋಮ್ ನೆನಪಾಗಬೇಕು. ತೊಡೆಸಂದಿನ ನಾಡಿ ಸಿಗುತ್ತದೆಯೇ ಎಂದು ನೋಡಿ, ನಾಲ್ಕೂ ಕೈಕಾಲುಗಳ ರಕ್ತದೊತ್ತಡ ಅಳೆಯಬೇಕು, ಏಕೆಂದರೆ ಈ ಮಕ್ಕಳಲ್ಲಿ ಮಹಾಪಧಮನಿ ಕಿರಿದಾಗಿರುವುದುಂಟು. ಹೃದಯದೋಷವಿರುವ ಮಗುವಿಗೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ಫಿಟ್ಸ್ ಬಂದರೆ, 22ನೆಯ ವರ್ಣತಂತುವಿನ ಒಂದು ಚಿಕ್ಕ ತುಣುಕು ಕಳೆದುಹೋಗಿರಬಹುದು. ಬೆರಳುಗಳು ಒಂದರ ಮೇಲೊಂದು ಏರಿ ಮುಷ್ಟಿ ಬಿಗಿದಿರುವುದು, ಗದ್ದ ಚಿಕ್ಕದಿರುವುದು, ಪಾದದ ತಳ ಉಬ್ಬಿರುವುದು ಎಡ್ವರ್ಡ್ಸ್ ಕಡೆಗೆ ಬೆರಳು ತೋರುತ್ತವೆ. ಸೀಳುತುಟಿ, ಆರನೆಯ ಬೆರಳು, ನೆತ್ತಿಯ ಚರ್ಮದಲ್ಲಿ ಗಾಯದಂಥ ಕಲೆ, ಇವು ಒಂದೇ ಮಗುವಿನಲ್ಲಿ ಕಂಡರೆ ಪಟೌ. ಆರು ಬೆರಳು ಮಾತ್ರ ಇದ್ದರೆ ಅದು ಬಹುಪಾಲು ಮನೆತನದ ಗುಣ. ಅದಕ್ಕೆ ವರ್ಣತಂತು ಪರೀಕ್ಷೆ ಬೇಕಿಲ್ಲ.

ಇನ್ನೊಂದು ಸಂದರ್ಭ: ಮಗು ಗಂಡೋ ಹೆಣ್ಣೋ ಎಂದು ಜನನಾಂಗ ನೋಡಿ ಖಚಿತವಾಗಿ ಹೇಳಲಾಗದಿರುವುದು. ಹೊರಗೆ ಕಾದಿರುವ ನೆಂಟರ ಒತ್ತಾಯಕ್ಕೆ ಏನೋ ಒಂದು ಹೇಳಿಬಿಡುವುದು ದೊಡ್ಡ ಅನ್ಯಾಯ. ವರ್ಣತಂತು ಪರೀಕ್ಷೆ ಆಗಲೇಬೇಕು, ಜೊತೆಗೆ ರಕ್ತದ ಸೋಡಿಯಂ, ಪೊಟ್ಯಾಸಿಯಂ ಹಾಗೂ ಹಾರ್ಮೋನುಗಳನ್ನೂ ನೋಡಬೇಕು. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಒಂದು ಆನುವಂಶಿಕ ದೋಷದಲ್ಲಿ ಮಗು ಎರಡನೆಯ ವಾರದಲ್ಲಿ ಲವಣ ಕಳೆದುಕೊಂಡು ಪ್ರಾಣಕ್ಕೇ ಅಪಾಯ ಬರುತ್ತದೆ. ಆ ಮಗುವಿನ ವರ್ಣತಂತುಗಳ ಸಂಖ್ಯೆ ಸರಿಯಾಗಿಯೇ ಇರುತ್ತದೆ.

ಮೂರನೆಯದಾಗಿ ಪರೀಕ್ಷೆಯ ವಿಚಾರ. ಇದನ್ನು ತುಸು ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಎಡವಟ್ಟುಗಳಾಗುವುದು ಇಲ್ಲೇ.

ಕ್ಯಾರಿಯೋಟೈಪ್ ಎಂದು ಕರೆಯುವ ಮೂಲ ಪರೀಕ್ಷೆಗೆ ಮಗುವಿನಿಂದ ಒಂದೆರಡು ಮಿಲಿಲೀಟರ್ ರಕ್ತ ಸಾಕು. ಅದನ್ನು ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬಿನಲ್ಲಿ ತೆಗೆಯಬೇಕು. ರಕ್ತಕಣಗಳ ಎಣಿಕೆಗೆ ಬಳಸುವ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಹಾಕಿದರೆ ಕೋಶಗಳು ಬೆಳೆಯದೆ ಹೋಗಬಹುದು. ಫ್ರೀಜರಿನಲ್ಲಿಟ್ಟರೆ ಸತ್ತೇ ಹೋಗುತ್ತವೆ. ಈ ಪರೀಕ್ಷೆಗೆ ಜೀವಂತ ಕೋಶ ಬೇಕು. ತಾಲ್ಲೂಕಿನಲ್ಲಿ ತೆಗೆದ ರಕ್ತ ಬಸ್ಸಿನಲ್ಲಿ, ಕೊರಿಯರಿನಲ್ಲಿ ದಿನಗಟ್ಟಲೆ ಅಲೆದರೆ ಅದು ಉಳಿಯುವುದಿಲ್ಲ. ಕಾಮಾಲೆ ಹೆಚ್ಚಾಗಿ ಮಗುವಿನ ರಕ್ತ ಬದಲಿಸಬೇಕಾಗಿ ಬಂದರೆ, ಅದಕ್ಕೆ ಮುಂಚೆಯೇ ಮಾದರಿ ತೆಗೆದಿಟ್ಟುಕೊಳ್ಳಬೇಕು. ಆಮೇಲೆ ತೆಗೆದದ್ದರಲ್ಲಿ ದಾನಿಯ ಕೋಶಗಳೂ ಬೆರೆತಿರಬಹುದು.

ಲ್ಯಾಬಿನಲ್ಲಿ ಬಿಳಿ ರಕ್ತಕಣಗಳನ್ನು ಸುಮಾರು ಮೂರು ದಿನ ಬೆಳೆಸುತ್ತಾರೆ. ವರ್ಣತಂತುಗಳು ಬಿಡಿಬಿಡಿಯಾಗಿ ಕಾಣುವುದು ಕೋಶ ಇಬ್ಭಾಗವಾಗುವ ಹೊತ್ತಿನಲ್ಲಿ ಮಾತ್ರ. ಆ ಕ್ಷಣದಲ್ಲೇ ವಿಭಜನೆಯನ್ನು ಕಾಲ್ಚಿಸಿನ್ ಜಾತಿಯ ಔಷಧದಿಂದ ತಡೆದು, ಕೋಶಗಳನ್ನು ತೆಳುವಾದ ಲವಣದ ನೀರಿನಲ್ಲಿ ಉಬ್ಬಿಸಿ, ಗಾಜಿನ ಮೇಲೆ ಹನಿಸಿ, ಬಣ್ಣ ಹಾಕಿ, ಪಟ್ಟೆ ಪಟ್ಟೆಯಾಗಿ ಕಾಣುವ ವರ್ಣತಂತುಗಳನ್ನು ಜೋಡಿ ಜೋಡಿಯಾಗಿ ಹೊಂದಿಸುತ್ತಾರೆ. ಸಾಮಾನ್ಯವಾಗಿ 20 ಕೋಶಗಳನ್ನು ಎಣಿಸುತ್ತಾರೆ. ಕೆಲವು ಕೋಶಗಳು ಸರಿಯಿದ್ದು ಕೆಲವಲ್ಲಿ ಮಾತ್ರ ದೋಷವಿರುವ ಮಿಶ್ರ ಸ್ಥಿತಿಯ ಅನುಮಾನವಿದ್ದರೆ ಇನ್ನೂ ಹೆಚ್ಚು ಎಣಿಸಬೇಕು. ಯಂತ್ರಗಳ ನೆರವು ಬಂದಿದ್ದರೂ ಇದು ಇಂದಿಗೂ ಪಳಗಿದ ಕಣ್ಣಿನ ಕೆಲಸ. ವರದಿ ಬರಲು ಒಂದರಿಂದ ಮೂರು ವಾರ ಹಿಡಿಯುವುದು ಇದಕ್ಕಾಗಿಯೇ.

ಅಷ್ಟು ಕಾಯಲಾಗದಿದ್ದಾಗ ಫಿಶ್ ಎಂಬ ಪರೀಕ್ಷೆ ಇದೆ. ಹೊಳೆಯುವ ಗುರುತುಗಳನ್ನು ಅಂಟಿಸಿ, ಡೌನ್ ಸಿಂಡ್ರೋಮಿಗೆ ಕಾರಣವಾದ 21ನೆಯದು, ಇಲ್ಲವೆ 18ನೆಯ, 13ನೆಯ ವರ್ಣತಂತು ಎರಡಿವೆಯೋ ಮೂರಿವೆಯೋ ಎಂಬುದನ್ನು ಒಂದೆರಡು ದಿನಗಳಲ್ಲಿ ಹೇಳುತ್ತದೆ. ಎಡ್ವರ್ಡ್ಸ್ ಅಥವಾ ಪಟೌ ಅನುಮಾನವಿರುವ ಮಗುವಿಗೆ ಶಸ್ತ್ರಚಿಕಿತ್ಸೆ ಮಾಡಬೇಕೇ, ವೆಂಟಿಲೇಟರ್ ಹಾಕಬೇಕೇ ಎಂದು ತಂದೆತಾಯಿ ನಿರ್ಧರಿಸಬೇಕಾದಾಗ ಈ ಒಂದೆರಡು ದಿನಗಳ ಬೆಲೆ ದೊಡ್ಡದು. ಈ ಎರಡು ಸ್ಥಿತಿಗಳಲ್ಲಿ ಬಹುಪಾಲು ಮಕ್ಕಳು ಮೊದಲ ಹುಟ್ಟುಹಬ್ಬ ನೋಡುವುದಿಲ್ಲ. ಅಂಥಲ್ಲಿ ಮಗುವಿಗೆ ನೋವಾಗದಂತೆ, ತಾಯಿಯ ಮಡಿಲಿನಲ್ಲಿ ಇರುವಂತೆ ನೋಡಿಕೊಳ್ಳುವುದೂ ಚಿಕಿತ್ಸೆಯೇ.

ಕ್ಯಾರಿಯೋಟೈಪ್ ನೋಡುವುದೆಂದರೆ ಬೆಟ್ಟದ ಮೇಲೆ ನಿಂತು ಊರನ್ನು ನೋಡಿದ ಹಾಗೆ. ಬೀದಿಗಳ ವಿನ್ಯಾಸ ಪೂರ್ತಿ ಕಾಣುತ್ತದೆ, ಒಂದು ಮನೆಯ ಗೋಡೆ ಬಿದ್ದಿದ್ದರೆ ಕಾಣುವುದಿಲ್ಲ. ಚಿಕ್ಕ ತುಣುಕುಗಳ ನಷ್ಟ ಹಿಡಿಯಲು ಮೈಕ್ರೋಅರೇ ಎಂಬ ಪರೀಕ್ಷೆ ಬೇಕು. ಹಲವು ಅಂಗಗಳಲ್ಲಿ ದೋಷವಿದ್ದು, ಇಂಥದೇ ಸಿಂಡ್ರೋಮ್ ಎಂದು ಹೇಳಲಾಗದ ಮಗುವಿಗೆ ಇಂದು ಮೊದಲು ಸೂಚಿಸುವುದು ಅದನ್ನೇ. ಆದರೆ ಹೊಸದು, ದುಬಾರಿಯದು ಎಂಬ ಕಾರಣಕ್ಕೆ ಅದೇ ಎಲ್ಲಕ್ಕೂ ಉತ್ತಮ ಎಂದುಕೊಳ್ಳಬಾರದು. ಮೈಕ್ರೋಅರೇ ಪ್ರಮಾಣವನ್ನು ಅಳೆಯುತ್ತದೆ, ಜಾಗವನ್ನು ಹೇಳುವುದಿಲ್ಲ. 21ನೆಯ ವರ್ಣತಂತುವಿನ ಸಾಮಗ್ರಿ ಹೆಚ್ಚಾಗಿದೆ ಎನ್ನುತ್ತದೆ. ಅದು ಬಿಡಿಯಾಗಿದೆಯೋ ಇನ್ನೊಂದಕ್ಕೆ ಅಂಟಿಕೊಂಡಿದೆಯೋ ಎನ್ನುವುದಿಲ್ಲ. ಡೌನ್ ಸಿಂಡ್ರೋಮಿನಲ್ಲಿ ಕುಟುಂಬಕ್ಕೆ ಬೇಕಾದ ಉತ್ತರ ಇದೇ, ಅದನ್ನು ಕೊಡುವುದು ಹಳೆಯ ಕ್ಯಾರಿಯೋಟೈಪ್. ಹಾಗೆಯೇ, ಹುಟ್ಟಿದಾಗಿನಿಂದ ಮೈ ತೀರಾ ಸಡಿಲವಾಗಿ ಹಾಲು ಹೀರಲಾರದ ಪ್ರೇಡರ್-ವಿಲ್ಲಿ ಸಿಂಡ್ರೋಮಿನ ಮಗುವಿನ ಕ್ಯಾರಿಯೋಟೈಪ್ ಸರಿಯಿದೆ ಎಂದೇ ಬರಬಹುದು. ಅಲ್ಲಿ ಮೆಥಿಲೇಶನ್ ಎಂಬ ಬೇರೆಯೇ ಪರೀಕ್ಷೆ ಮಾಡಬೇಕು.

ಹಿಮ್ಮಡಿಗೆ ಸೂಜಿ ಚುಚ್ಚಿ ಕಾಗದದ ಮೇಲೆ ರಕ್ತದ ಹನಿ ತೆಗೆದುಕೊಳ್ಳುವ ಪರೀಕ್ಷೆಯ ಬಗ್ಗೆಯೂ ಒಂದು ಮಾತು. ಅದು ಥೈರಾಯ್ಡ್ ಕೊರತೆಯಂಥ ಕೆಲವು ರೋಗಗಳನ್ನು ಬೇಗ ಹಿಡಿಯುತ್ತದೆ, ಬಹಳ ಒಳ್ಳೆಯ ಪರೀಕ್ಷೆ. ವರ್ಣತಂತುಗಳನ್ನು ಅದು ನೋಡುವುದೇ ಇಲ್ಲ. ‘ಜೆನೆಟಿಕ್ ಟೆಸ್ಟ್ ಆಗಿದೆ, ನಾರ್ಮಲ್ ಬಂದಿದೆ’ ಎಂದು ಆ ಕಾಗದ ತೋರಿಸುವ ತಂದೆತಾಯಿಯರಿಗೆ ಇದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ.

ಇನ್ನು ವರದಿಗಾಗಿ ಕಾಯದ ಪ್ರಶ್ನೆಗಳಿಗೆ ಬರುತ್ತೇನೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹತ್ತರಲ್ಲಿ ನಾಲ್ಕೈದು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದೋಷವಿರುತ್ತದೆ. ಸ್ಟೆತಸ್ಕೋಪಿಗೆ ಯಾವ ಸದ್ದೂ ಕೇಳದಿರಬಹುದು, ಮಗು ಗುಲಾಬಿಯಂತಿರಬಹುದು. ಆದರೂ ಹೃದಯದ ಎಕೋ ಪರೀಕ್ಷೆ ಮಾಡಿಸಲೇಬೇಕು. ಹೃದಯದ ನಾಲ್ಕೂ ಕೋಣೆಗಳ ನಡುವಿನ ಗೋಡೆ ಕೂಡಿಕೊಳ್ಳದ ದೋಷವನ್ನು ಮೊದಲ ಕೆಲವು ತಿಂಗಳಲ್ಲೇ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು. ತಡವಾದರೆ ಶ್ವಾಸಕೋಶದ ರಕ್ತನಾಳಗಳು ಗಡುಸಾಗಿ, ಶಸ್ತ್ರಚಿಕಿತ್ಸೆಯ ಕಾಲವೇ ಮೀರಿಹೋಗುತ್ತದೆ. ವರ್ಷ ತುಂಬಿದ ಮೇಲೆ ಮೊದಲ ಸಲ ಎಕೋಗೆ ಬಂದು, ಈಗ ಏನೂ ಮಾಡಲಾಗದು ಎಂಬ ಮಾತು ಕೇಳಿಸಿಕೊಂಡು ಹೋದ ಕುಟುಂಬಗಳನ್ನು ನಾನು ಕಂಡಿದ್ದೇನೆ. ತಡೆಯಬಹುದಾಗಿದ್ದ ಆ ಸಂಕಟ ನನ್ನನ್ನು ಇಂದಿಗೂ ಬಾಧಿಸುತ್ತದೆ.

ಥೈರಾಯ್ಡ್ ಪರೀಕ್ಷೆ ಹುಟ್ಟಿದಾಗ, ಆರು ತಿಂಗಳಿಗೆ, ವರ್ಷಕ್ಕೆ, ಆಮೇಲೆ ವರ್ಷವರ್ಷವೂ ಆಗಬೇಕು. ಕುಡಿದದ್ದೆಲ್ಲ ವಾಂತಿಯಾದರೆ ಕರುಳಿನ ಮೊದಲ ಭಾಗ ಮುಚ್ಚಿಕೊಂಡಿರಬಹುದು. ಎರಡು ದಿನವಾದರೂ ಮೊದಲ ಕಪ್ಪು ಮಲ ಹೋಗದಿದ್ದರೆ ಕರುಳಿನ ಕೆಳಭಾಗದ ತೊಂದರೆ ಇರಬಹುದು. ಮೊದಲ ಮೂರು ದಿನಗಳಲ್ಲಿ ಒಮ್ಮೆ ರಕ್ತಕಣಗಳ ಎಣಿಕೆ ಆಗಬೇಕು, ಏಕೆಂದರೆ ಈ ಮಕ್ಕಳಲ್ಲಿ ಕೆಲವರಿಗೆ ರಕ್ತದ ಕ್ಯಾನ್ಸರಿನಂತೆ ತೋರಿ ತಾನಾಗಿ ಇಳಿಯುವ ಒಂದು ಸ್ಥಿತಿ ಬರುತ್ತದೆ, ಅವರ ಮೇಲೆ ಮುಂದೆಯೂ ಕಣ್ಣಿಟ್ಟಿರಬೇಕು. ಕಣ್ಣಿನ ಪೊರೆ, ಕಿವಿಯ ಪರೀಕ್ಷೆ ಬಿಡುವಂತಿಲ್ಲ. ಕಿವಿಗೆ ನಮ್ಮ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಸಂಸ್ಥೆ ರಾಜ್ಯದಲ್ಲೇ ಇರುವುದು ನಮ್ಮ ಭಾಗ್ಯ. ಎದೆಹಾಲು ಕುಡಿಸಬಹುದೇ ಎಂದು ತಾಯಂದಿರು ಕೇಳುತ್ತಾರೆ. ಖಂಡಿತ ಕುಡಿಸಬಹುದು. ಮೊದಮೊದಲು ನಿಧಾನ, ತಾಳ್ಮೆ ಬೇಕು, ಅಷ್ಟೆ. ಅಮೆರಿಕದಲ್ಲಿ 1983ರಲ್ಲಿ ಡೌನ್ ಸಿಂಡ್ರೋಮ್ ಇರುವವರ ಸರಾಸರಿ ಆಯುಸ್ಸು 25 ವರ್ಷವಿತ್ತು, ಇಂದು 60ರ ಹತ್ತಿರ ಬಂದಿದೆ. ಆ ವರ್ಷಗಳನ್ನು ತಂದುಕೊಟ್ಟದ್ದರಲ್ಲಿ ಹೃದಯದ ಶಸ್ತ್ರಚಿಕಿತ್ಸೆಯ ಪಾಲು ದೊಡ್ಡದು.

ಕೊನೆಯದಾಗಿ ಕುಟುಂಬದ ಪ್ರಶ್ನೆ. ಏಕೆ ಹೀಗಾಯಿತು?

ನಮ್ಮಲ್ಲಿ ಉತ್ತರ ಸಿದ್ಧವಾಗಿಯೇ ಇರುತ್ತದೆ. ಗ್ರಹಣದ ದಿನ ಹೊರಗೆ ಬಂದಳು, ತಿನ್ನಬಾರದ್ದು ತಿಂದಳು, ಆ ಮನೆತನವೇ ಹಾಗೆ. ಎಲ್ಲ ದಾರಿಗಳೂ ಬಾಣಂತಿಯ ಮಂಚದ ಬಳಿಗೇ ಬರುತ್ತವೆ. ಸತ್ಯ ಏನೆಂದರೆ, ಡೌನ್ ಸಿಂಡ್ರೋಮಿನ ನೂರರಲ್ಲಿ 95 ಸಂದರ್ಭಗಳಲ್ಲಿ ಅಂಡಾಣು ಅಥವಾ ವೀರ್ಯಾಣು ರೂಪುಗೊಳ್ಳುವಾಗ ಒಂದು ಜೋಡಿ ಬೇರ್ಪಡದೆ ಉಳಿದಿರುತ್ತದೆ. ಹೆಚ್ಚಿನಂಶ ಇದು ನಡೆಯುವುದು ಅಂಡಾಣುವಿನಲ್ಲಿ. ಹೆಣ್ಣಿನ ಅಂಡಾಣುಗಳು ಆಕೆ ತನ್ನ ತಾಯಿಯ ಗರ್ಭದಲ್ಲಿದ್ದಾಗಲೇ ವಿಭಜನೆ ಶುರುಮಾಡಿ, ನಡುವೆ ನಿಂತು, ವರ್ಷಾನುಗಟ್ಟಲೆ ಕಾದಿರುತ್ತವೆ. ಬಸಿರಾಗುವ ಮೊದಲೇ ನಡೆದುಹೋದ ಘಟನೆ ಇದು. ಬಸಿರಿನಲ್ಲಿ ಆಕೆ ಉಂಡದ್ದು, ಉಟ್ಟದ್ದು, ನೋಡಿದ್ದು ಯಾವುದೂ ಕಾರಣವಲ್ಲ. ವಯಸ್ಸು ಹೆಚ್ಚಿದಂತೆ ಸಾಧ್ಯತೆ ಹೆಚ್ಚುತ್ತದೆ ನಿಜ, 35ಕ್ಕೆ ಸುಮಾರು 350ರಲ್ಲಿ ಒಂದು, 40ಕ್ಕೆ ಸುಮಾರು 100ರಲ್ಲಿ ಒಂದು. ಆದರೆ ನಮ್ಮಲ್ಲಿ ಹೆರುವವರೇ ಹೆಚ್ಚಾಗಿ ಚಿಕ್ಕ ವಯಸ್ಸಿನವರಾದ್ದರಿಂದ ಡೌನ್ ಸಿಂಡ್ರೋಮಿನ ಹೆಚ್ಚಿನ ಮಕ್ಕಳ ತಾಯಂದಿರೂ ಚಿಕ್ಕವರೇ.

ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದದ್ದೇ ಕಾರಣವೇ ಎಂದು ಕರ್ನಾಟಕದಲ್ಲಿ ತಪ್ಪದೆ ಕೇಳುತ್ತಾರೆ. ರಕ್ತಸಂಬಂಧದ ಮದುವೆಯಿಂದ ಹೆಚ್ಚುವುದು ಬೇರೆ ವರ್ಗದ ರೋಗಗಳು: ತಂದೆತಾಯಿ ಇಬ್ಬರಲ್ಲೂ ಅಡಗಿದ್ದ ಒಂದೇ ದೋಷಯುಕ್ತ ಜೀನು ಮಗುವಿನಲ್ಲಿ ಒಂದುಗೂಡಿ ಬರುವಂಥವು. ಆಗಲೇ ಹೇಳಿದ ಅಡ್ರಿನಲ್ ಗ್ರಂಥಿಯ ದೋಷ ಅಂಥದು. ಡೌನ್ ಸಿಂಡ್ರೋಮಿನ ಹೊಣೆಯನ್ನು ಆ ಮದುವೆಯ ಮೇಲೆ ಹೊರಿಸಲಾಗದು.

ನೂರರಲ್ಲಿ 95 ಬಿಟ್ಟು ಉಳಿದ ಐದರಲ್ಲಿ ಮೂರು ನಾಲ್ಕು ಸಂದರ್ಭಗಳಲ್ಲಿ ಹೆಚ್ಚುವರಿ 21 ಇನ್ನೊಂದು ವರ್ಣತಂತುವಿಗೆ, ಬಹಳ ಸಲ 14ಕ್ಕೆ, ಅಂಟಿಕೊಂಡಿರುತ್ತದೆ. ಇದನ್ನು ಟ್ರಾನ್ಸ್‌ಲೊಕೇಶನ್ ಎನ್ನುತ್ತೇವೆ. ಆಗ ತಂದೆತಾಯಿ ಇಬ್ಬರ ಕ್ಯಾರಿಯೋಟೈಪನ್ನೂ ನೋಡಲೇಬೇಕು. ಪೂರ್ಣ ಆರೋಗ್ಯವಂತರಾದ ಅವರಲ್ಲಿ ಒಬ್ಬರು ಈ ಅಂಟಿಕೊಂಡ ಜೋಡಿಯ ವಾಹಕರಾಗಿರಬಹುದು. 14ಕ್ಕೆ ಅಂಟಿದ್ದು ತಾಯಿ ವಾಹಕಿಯಾಗಿದ್ದರೆ ಮುಂದಿನ ಮಗುವಿಗೆ ನೂರರಲ್ಲಿ ಹತ್ತರಿಂದ ಹದಿನೈದರ ಸಾಧ್ಯತೆ, ತಂದೆಯಾಗಿದ್ದರೆ ಬಹಳ ಕಡಿಮೆ. ಎರಡು 21ಗಳೇ ಒಂದಕ್ಕೊಂದು ಅಂಟಿಕೊಂಡಿರುವ ವಾಹಕರಾದರೆ ಜೀವಂತ ಹುಟ್ಟುವ ಪ್ರತಿಯೊಂದು ಮಗುವಿಗೂ ಡೌನ್ ಸಿಂಡ್ರೋಮ್ ಇರುತ್ತದೆ. ಟ್ರಾನ್ಸ್‌ಲೊಕೇಶನ್ ಇಲ್ಲದ ಸಾಮಾನ್ಯ ಸಂದರ್ಭದಲ್ಲಿ ಚಿಕ್ಕ ವಯಸ್ಸಿನ ತಾಯಿಗೆ ಮರುಕಳಿಸುವ ಸಾಧ್ಯತೆ ಸುಮಾರು ನೂರಕ್ಕೆ ಒಂದು. ಈ ಎಲ್ಲ ಬಗೆಯ ಮಕ್ಕಳೂ ಮುಖದಲ್ಲಿ ಒಂದೇ ರೀತಿ ಕಾಣುತ್ತಾರೆ. ವ್ಯತ್ಯಾಸ ತಿಳಿಯಲು ವರದಿಯಲ್ಲದೆ ಬೇರೆ ದಾರಿಯಿಲ್ಲ. ಮುಖ ನೋಡಿ ಸಾಕೆನ್ನುವವರಿಗೆ ನನ್ನ ಉತ್ತರ ಇದು.

ತಿಳಿಸುವ ಬಗೆಯನ್ನೂ ಹೇಳದೆ ಮುಗಿಸಲಾರೆ. ಅನುಮಾನ ಬಲವಾಗಿದ್ದರೆ ವರದಿಗೆ ಕಾಯದೆ ಹೇಳಬೇಕು. ತಾಯಿಗೂ ತಂದೆಗೂ ಒಟ್ಟಿಗೆ, ಕುಳಿತುಕೊಂಡು, ಬಾಗಿಲು ಹಾಕಿಕೊಂಡು, ಮಗು ತಾಯಿಯ ಕೈಯಲ್ಲಿರುವಾಗ, ಅವರ ಮಾತಿನಲ್ಲಿ. ತಂದೆಯನ್ನೋ ಅಜ್ಜನನ್ನೋ ಕಾರಿಡಾರಿಗೆ ಕರೆದು ಹೇಳಿ, ‘ಅವಳಿಗೆ ಈಗಲೇ ಹೇಳಬೇಡಿ’ ಎನ್ನುವ ಪದ್ಧತಿ ನಿಲ್ಲಬೇಕು. ತಾಯಿಗೆ ಎಲ್ಲರ ಮುಖದಿಂದ ಅದು ಹೇಗೂ ತಿಳಿಯುತ್ತದೆ, ಒಂಟಿಯಾಗಿ ತಿಳಿಯುತ್ತದೆ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಡೌನ್ ಸಿಂಡ್ರೋಮ್ ಸೇರಿದೆ. ಮಗುವಿನ ಬೆಳವಣಿಗೆಗೆ ನೆರವಾಗಲು ಡಿಇಐಸಿ ಎಂಬ ಜಿಲ್ಲಾ ಕೇಂದ್ರಗಳ ಏರ್ಪಾಡಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಪ್ರಮಾಣಪತ್ರ, ‘ನಿರಾಮಯ’ ಯೋಜನೆಯಡಿ ಒಂದು ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಸಿಗುತ್ತದೆ. ಮನೆಮನೆಗೆ ಹೋಗಿ ಬಾಣಂತಿ, ಮಗುವನ್ನು ನೋಡುವ ಆಶಾ ಕಾರ್ಯಕರ್ತೆಯರಿದ್ದಾರೆ. ಜಿಲ್ಲಾ ಆಸ್ಪತ್ರೆಯಿಂದ ಹೆಪಾರಿನ್ ಟ್ಯೂಬಿನಲ್ಲಿ ತೆಗೆದ ರಕ್ತ ಅದೇ ದಿನ ವರ್ಣತಂತು ಲ್ಯಾಬು ತಲುಪುವ ನಿಶ್ಚಿತ ವ್ಯವಸ್ಥೆ, ಮತ್ತು ಬಂದ ವರದಿಯನ್ನು ಕನ್ನಡದಲ್ಲಿ ವಿವರಿಸಿ ಹೇಳುವ ಆನುವಂಶಿಕ ಸಲಹೆಗಾರರು ಪ್ರತಿ ಜಿಲ್ಲೆಗೂ ಬೇಕು. ಈ ಸಭೆಯಲ್ಲಿರುವ ಅಧಿಕಾರಿಗಳಲ್ಲಿ ಇದೇ ನನ್ನ ಬೇಡಿಕೆ.

ತಂದೆತಾಯಿಯರಲ್ಲಿ ಕೊನೆಯ ವಿನಂತಿ: ಮಗುವಿನ ಕ್ಯಾರಿಯೋಟೈಪ್ ವರದಿಯ ಮೂಲ ಪ್ರತಿಯನ್ನು ಜೋಪಾನವಾಗಿಡಿ, ಮುಂದಿನ ಬಸಿರಿಗೆ ಮೊದಲು ಅದನ್ನು ವೈದ್ಯರಿಗೆ ತೋರಿಸಿ. ಅದರಲ್ಲಿ ಟ್ರಾನ್ಸ್‌ಲೊಕೇಶನ್ ಎಂದಿದ್ದು ನಿಮ್ಮಲ್ಲೊಬ್ಬರು ವಾಹಕರೆಂದು ತಿಳಿದರೆ, ಸಂಕೋಚಪಡದೆ ಆ ಕಡೆಯ ಅಣ್ಣತಮ್ಮ ಅಕ್ಕತಂಗಿಯರಿಗೂ ತಿಳಿಸಿ. ಅವರೂ ಒಂದು ಸಲ ಪರೀಕ್ಷೆ ಮಾಡಿಸಿಕೊಳ್ಳಲಿ.